ರುಚಿ ಪಂಚನಾಮೆ

ಸ್ಥಳ: ರಾಯಚೂರು, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲು.
ವೇಳೆ: ಸಂಜೆ ಏಳು. ಗೋಡೆ ಇನ್ನೂ ರೊಟ್ಟಿಹಂಚಿನಷ್ಟು ಬಿಸಿ.
ಅಬಕಾರಿಯಲ್ಲಿ ಮೂವತ್ತೊಂದು ವರ್ಷ ಸವೆಸಿದವನಿಗೆ
ಬರೆಯಲು ಬರುವುದು ಇದೊಂದೇ ಧಾಟಿ, ಕ್ಷಮಿಸಬೇಕು:
ಪಂಚರ ಸಮಕ್ಷಮ, ಯಾರ ಒತ್ತಾಯವೂ ಇಲ್ಲದೆ,
ಸದರಿ ಸೂಗೂರಯ್ಯನು ತಾನೇ ಬಾರ್ಲಿ ಕುದಿಸಿ, ಹುದುಗು ಬರಿಸಿ,
ಹಣ್ಣು ಬೆರೆಸಿದ ಬಿಯರನ್ನು
ಐದು ಲೋಟಗಳಲ್ಲಿ ನಮ್ಮ ಮುಂದಿಟ್ಟನು.
ಪರವಾನಗಿಗೆ ಅರ್ಜಿ ಹಾಕಿದ್ದಾನಂತೆ. ಬಂದಿಲ್ಲ.
(ಈ ಸಾಲನ್ನು ಬರೆದು, ಹೊಡೆದು ಹಾಕಿದೆ.)

ಪಂಚರು: ಒಂದು, ಶಾಖೋತ್ಪನ್ನ ಕೇಂದ್ರದ ಬಾಯ್ಲರಿನಲ್ಲಿ ದುಡಿದ ಭೀಮ್ಸಿ;
ತಂಬಾಕು ತಿಂದು ತಿಂದು ನಾಲಿಗೆಯೂ ಹಾರುಬೂದಿ.
ಎರಡು, ತೀನ್ ಕಂದೀಲಿನ ಹತ್ತಿರ ಹಣ್ಣಿನ ಬಂಡಿ ನಿಲ್ಲಿಸುವ ತಿಮ್ಮಲಮ್ಮ.
ಕುಡಿಯುವುದಿಲ್ಲ, ಮುಕ್ಕಳಿಸಿ ಉಗಿಯುತ್ತಾಳೆ. ಷರತ್ತು ಅದೇ.

ಮೊದಲನೇ ಲೋಟ, ಕಲ್ಲಂಗಡಿ.
ಬಣ್ಣ: ತೊಳೆದ ಕುಂಕುಮ.
ಮೇಲೆ ಬಿಳಿಯದೇನೋ ತೇಲುತ್ತಿತ್ತು, ನೊರೆಯೆಂದುಕೊಂಡೆ;
ತೊಲೆಯಿಂದ ಉದುರಿದ ಹಳೇ ಅರಳೆ.
ಬೆರಳಲ್ಲಿ ತೆಗೆದು ಕುಡಿದೆ.
ಹೊಳೆಯ ಮಳಲಲ್ಲಿ ಒಡೆದ ಹಣ್ಣಿಗೆ ಒಂದು ತಂಪಿರುತ್ತದಲ್ಲ,
ಅದು ಬರುವಷ್ಟರಲ್ಲಿ ನೀರು ಬಂತು. ಹತ್ತಕ್ಕೆ ನಾಲ್ಕು.
ಭೀಮ್ಸಿ ಎಂಟು ಕೊಟ್ಟ. ಎಲ್ಲಕ್ಕೂ ಎಂಟೇ ಕೊಡುವವನು.

ದಾಳಿಂಬೆಯದು ಒಗರು ಚೆನ್ನ, ಆದರೆ
ಬೀಜ ಅರೆದ ಕಹಿ ಹಿಂದುಳಿದು,
ಸಾಲ ಕೇಳಲು ಬಂದ ನೆಂಟನಂತೆ ಏಳಲೇ ಇಲ್ಲ.

ಮೂರನೇದು ಮಾವು.
ತಿಮ್ಮಲಮ್ಮ ಬಾಯಿಗೂ ತರಲಿಲ್ಲ, ಮೂಗಿಗೆ ಹಿಡಿದು ಇಳಿಸಿದಳು:
"ಇದ್ರಾಗ ಹಣ್ಣಿಲ್ಲ ತಮ್ಮಾ. ಸೀಸೆ ಐತಿ."
ಸೂಗೂರಯ್ಯ ನೆಲ ನೋಡಿದ.
ಹಂಗಾಮು ಮುಗಿದಿತ್ತಮ್ಮಾ, ಎಸೆನ್ಸು ನಾಕೇ ಹನಿ, ಅಂದ.
ಇಷ್ಟು ಬೇಗ ತಪ್ಪೊಪ್ಪಿಕೊಂಡ ಆರೋಪಿ
ನನ್ನ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ.

ಸೀತಾಫಲದ್ದು ಒಳ್ಳೆಯದು. ಏನೆಂದು ಬರೆಯಲಿ?
ನೊರೆ ಕೆನೆಯಂತೆ, ಮೀಸೆಗೆ ಹತ್ತಿದ್ದು ಒಣಗಲಿಲ್ಲ;
ಗುಡ್ಡದ ಕಲ್ಲು ಕಾದ ವಾಸನೆ ಕೊನೆಯಲ್ಲಿ, ಸಣ್ಣಗೆ.
ಇದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.
ಎಂಟೆನ್ನಬೇಕಿತ್ತು, ಏಳೂವರೆ ಹಾಕಿದೆ. ಸರಕಾರಿ ಕೈ.

ಅಷ್ಟರಲ್ಲಿ ಕರೆಂಟು ಹೋಯಿತು.
ತನ್ನದೇ ತಪ್ಪೇನೋ ಎಂಬಂತೆ ಭೀಮ್ಸಿ ಗೊಣಗಿದ.
ಐದನೇ ಲೋಟ ಕತ್ತಲಲ್ಲೇ ಕೈಗೆ ಬಂತು.
ಯಾವ ಹಣ್ಣೆಂದು ಸೂಗೂರಯ್ಯ ಹೇಳಲಿಲ್ಲ.
ಬಣ್ಣ: ಕಾಣಲಿಲ್ಲ.
ವಾಸನೆ:

ವಾಸನೆ, ಮಾನ್ವಿ ರಸ್ತೆ, ನಸುಕು, ಜೀಪು ನಿಂತಿದೆ.
ಈಚಲ ಬನದಿಂದ ಇಳಿಸಿದ ಹದಿನಾಲ್ಕು ಗಡಿಗೆ.
ಒಂದೊಂದನ್ನೇ ಬೂಟುಗಾಲಲ್ಲಿ ಒದ್ದೆ.
ಸೇಂದಿ ನೆಲಕ್ಕೆ ಬಿದ್ದು ಸುಯ್ ಎಂದು
ಹಾಲುಕ್ಕಿದ ಹಾಗೆ, ನೊರೆ ನೊರೆ.
ಇಳಿಸಿದವನು ಮುಖ ಒರೆಸಿಕೊಂಡು ಕೇಳಿದ್ದು ಒಂದೇ:
"ಚೆಲ್ಲೂಕಿಂತ ಮೊದ್ಲ ರುಚೀನರ ನೋಡೀರೇನ್ರಿ ಸಾಹೇಬ್ರ?"
ಹೇಳಿಕೆಯಲ್ಲಿ ಅದನ್ನು ಬರೆದುಕೊಳ್ಳಲಿಲ್ಲ.
ಹೆಂಡತಿ ಬೂಟು ಹೊರಗಿಡಿಸಿದಳು.
ರಾತ್ರಿ ಎದ್ದು ಹೋಗಿ, ಲೇಸಿಗೆ ಹತ್ತಿದ್ದನ್ನು
ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಟುಕೊಂಡೆ.
ಒಣಗಿ ಹುಳಿಯಾಗಿತ್ತು.
ಹುಳಿಯ ಹಿಂದೆ ಏನೋ ಇತ್ತು. ಬೆಳಗಾಯಿತು.

"ಈಚಲಹಣ್ಣು" ಎಂದೆ.
ತಿಮ್ಮಲಮ್ಮ ಉಗಿದ ಸಪ್ಪಳ ಕೇಳಲಿಲ್ಲ.

ಲೈಟು ಬಂದ ಮೇಲೆ ನೋಡಿದರೆ ಲೋಟ ಖಾಲಿ,
ಮುದ್ದೆಮಾಲು ಮುಗಿದಿದೆ, ರುಜುವಾತಿಗೆ ಒಂದು ಹನಿಯಿಲ್ಲ.
ಅಂಕ ಎಷ್ಟ್ರೀ, ಎಂದು ಸೂಗೂರಯ್ಯ ಕೇಳುತ್ತಲೇ ಇದ್ದಾನೆ.
ಭೀಮ್ಸಿ: ಎಂಟು.
ತಿಮ್ಮಲಮ್ಮ ಹೆಬ್ಬೆಟ್ಟು ಒತ್ತಿದಳು, ಮಸಿಗಿಂತ ನೊರೆಯೇ ಹೆಚ್ಚು.
ನನ್ನ ಕಾಲಮ್ಮಿನಲ್ಲಿ ಬಹಳ ಹೊತ್ತು ಪೆನ್ನು ಊರಿ ಬರೆದೆ:
ಸದರಿ ರುಚಿಯನ್ನು ಹಿಂದೊಮ್ಮೆ
ಗುಟ್ಟಾಗಿ ಬಲ್ಲವನಾದ್ದರಿಂದ
ಅಂಕ ಕೊಡಲು ಅನರ್ಹ.